ಘಟ್ಟದಲ್ಲಿ ನಮ್ಮ ಹೊಸ ಕಾರು

ಇಪ್ಪತ್ತು ವರ್ಷಗಳ ಕಾಲ ಗೇರುಗಳನ್ನು ಒಂದೊಂದಾಗಿ ಬದಲಾಯಿಸುತ್ತ ಕಾರು ನಡೆಸಿದ ನಾವು, ಮೊಣಕಾಲಿನ ನೋವಿನ ನಿಮಿತ್ತ, ಕಳೆದ ವರ್ಷ ಕ್ಲಚ್ಚಿಲ್ಲದ ಕಾರೊಂದನ್ನು ಕೊಂಡೆವು. ಅದರಲ್ಲಿ ಗೇರುಗಳ ಮೆಟ್ಟಿಲುಗಳೇ ಇಲ್ಲ. ಎರಡು ರಾಟೆಗಳು, ಅವುಗಳನ್ನು ಬಳಸಿದ ಉಕ್ಕಿನ ಪಟ್ಟಿಯೊಂದು. ರಾಟೆಯ ಎರಡು ಮಗ್ಗುಲುಗಳು ಹತ್ತಿರ ಬಂದರೆ ಪಟ್ಟಿಯು ಅಂಚಿನ ಕಡೆಗೆ ಏರುವುದು, ದೂರ ಸರಿದರೆ ನಡುವಿಗೆ ಇಳಿಯುವುದು. 1958ರಲ್ಲಿ ಹಾಲೆಂಡಿನ ಡಾಫ್ ಕಾರಿನಲ್ಲಿ ಇಂತಹುದೇ ಏರ್ಪಾಡು ರಬ್ಬರಿನ ಪಟ್ಟಿಯೊಡನೆ ಬಂದಿತ್ತು. ಹಳೆಯ ಕಾರು ಪದಪಾಠದಂತೆ ಬಿಡಿಬಿಡಿ, ಹೊಸದು ಸಂಹಿತೆಯಂತೆ ಎಡೆಬಿಡದ್ದು ಎಂದು ಗೃಹಿಣಿಯ ಮುಂದೆ ವ್ಯಾಖ್ಯಾನ ಮಾಡಿದೆವು. "ಕಂಠಪಾಠವಾದ ಮೇಲೆ ಘಟ್ಟಕ್ಕೆ ಹೋದರಾಯಿತು" ಎಂದಳು ಆಕೆ. ನಾವು ಕೇಳಲಿಲ್ಲ.

ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟು ಆಗುಂಬೆಯ ಘಟ್ಟವನ್ನು ಇಳಿಯತೊಡಗಿದೆವು. ಹಿಂದಿನ ಪೀಠದಲ್ಲಿ ಗೃಹಿಣಿಯೂ ಆರು ವರ್ಷದ ಮೊಮ್ಮಗಳೂ ಇದ್ದರು. ಸೋಮೇಶ್ವರದ ಕಡೆಗಿಳಿಯುವ ಆ ದಾರಿಯಲ್ಲಿ ಹಾವಿನಂತೆ ಮಡಿದ 14 ತಿರುವುಗಳು. ಹಳೆಯ ಕಾರನ್ನು ಎರಡನೆಯ ಗೇರಿಗೆ ಹಾಕಿಬಿಟ್ಟರೆ ಎಂಜಿನ್ನೇ ಅದನ್ನು ಹಿಡಿದಿಡುತ್ತಿತ್ತು. ಇಲ್ಲಿ ಗೇರಿನ ಹಿಡಿಯನ್ನು 'ಡಿ'ಯಲ್ಲಿಯೇ ಬಿಟ್ಟಿದ್ದೆವು. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಯಂತ್ರವು, ನಮಗೆ ವಿಶ್ರಾಂತಿ ಬೇಕಾಗಿದೆಯೆಂದು ಬಗೆದೋ ಏನೋ, ಎಂಜಿನ್ನಿನ ಸುತ್ತುಗಳನ್ನು ತಗ್ಗಿಸಿಕೊಂಡು ಪೆಟ್ರೋಲು ಉಳಿಸಹೊರಟಿತು. ಭಾರವೆಲ್ಲ ಬ್ರೇಕಿನ ಪಾಲಾಯಿತು. ಆರೇಳು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ. "ಅಜ್ಜ, ಯಾರೋ ಬಟ್ಟೆ ಸುಡುತ್ತಿದ್ದಾರೆ" ಎಂದಿತು ಮಗು. ಮುಂದಿನ ತಿರುವಿನಲ್ಲಿ ಬ್ರೇಕನ್ನು ತುಳಿದರೆ ಕಾರು ಎಂದಿನಂತೆ ನಿಲ್ಲಲೊಲ್ಲದು! ಎರಡು ಕಾಲುಗಳನ್ನೂ ಊರಿ ತುಳಿದೆವು. ತಡೆಗೋಡೆಗೆ ಎರಡು ಮೊಳ ಉಳಿದಿರಲು ನಿಂತಿತು. ಗೃಹಿಣಿ ಒಂದು ಮಾತನ್ನೂ ಆಡಲಿಲ್ಲ. ಮಗುವನ್ನು ಮಾತ್ರ ಎದೆಗವಚಿಕೊಂಡಿದ್ದಳು.

ಎದುರಿನಿಂದ ಏರಿಬಂದ ಜೀಪಿನವನೊಬ್ಬನು ವಾಸನೆಯಿಂದಲೇ ಸಂಗತಿಯನ್ನರಿತು, "ನೀರು ಹಾಕಬೇಡಿ ಯಜಮಾನರೇ, ತಾನಾಗಿ ಆರಲಿ. ಆಮೇಲೆ 'ಎಲ್'ಗೆ ಹಾಕಿ ಇಳಿಸಿ" ಎಂದನು. ಅರ್ಧ ಗಂಟೆ ಕಾದೆವು. 'ಎಲ್'ಗೆ ಹಾಕಿದೊಡನೆ ಎಂಜಿನ್ನು ಹೂಂಕರಿಸಿತು, ಕಾರು ಕಟ್ಟಿಹಾಕಿದ ಎತ್ತಿನಂತೆ ಮೆಲ್ಲನೆ ಇಳಿಯಿತು. ಬ್ರೇಕನ್ನು ತಿರುವುಗಳಲ್ಲಷ್ಟೇ ಮುಟ್ಟಿದೆವು. ಕೆಳಗೆ ತಲಪಿ ಕೈಪಿಡಿಯನ್ನು ತೆರೆದರೆ ಈ ಮಾತು ಅಲ್ಲಿಯೇ ಅಚ್ಚಾಗಿತ್ತು. ಪಾಠವನ್ನು ಓದದೆ ಬಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವರು ನಾವು. ಆ ಕೈಪಿಡಿಯ ಹೊದಿಕೆಯನ್ನು ಅದುವರೆಗೆ ಬಿಚ್ಚಿಯೇ ಇರಲಿಲ್ಲ.

ಮರುದಿನ ಏರುವಾಗ ಎಂಜಿನ್ನು ಒಂದೇ ಶ್ರುತಿಯಲ್ಲಿ ಅರಚುವುದು, ಕಾರು ಮಾತ್ರ ಸಾವಕಾಶವಾಗಿ ಹಿಂಬಾಲಿಸುವುದು. ಇದು ಆ ಯಂತ್ರದ ಸ್ವಭಾವವೇ ಹೊರತು ರೋಗವಲ್ಲವೆಂದು ಈ ಸಲ ಓದಿಕೊಂಡೇ ಹೇಳಿದೆವು. ಗೃಹಿಣಿ ಸುಮ್ಮನೆ ತಲೆಯಾಡಿಸಿದಳು. ಮಗುವು ಪ್ರತಿ ತಿರುವಿನಲ್ಲಿಯೂ ಮೂಗರಳಿಸಿ ವಾಸನೆ ನೋಡುತ್ತಲೇ ಇತ್ತು.