ಕುಬ್ಜರ ಪುಸ್ತಕವೂ ಹಟ್ಟಿಯ ಗಣಿಯೂ

ಮೆಹದಿಪಟ್ಟಣದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ಮೊಮ್ಮಗ ಮತ್ತವನ ಗೆಳೆಯರ ಆಟದ ಹೊತ್ತು. ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸಿ ದಾಳ ಹಾಕುತ್ತಾರೆ. ಪಗಡೆಯಂತೆ ಹಾಸಿಲ್ಲ, ಗೆದ್ದವರೂ ಇಲ್ಲ.

ಹೋದ ತಿಂಗಳು ಮೊಮ್ಮಗ ಹಳೆಯ ಪುಸ್ತಕವೊಂದನ್ನು ತಂದು ಮುಂದಿಟ್ಟ. 1991ರಲ್ಲಿ ಜಿಮ್ ಬಾಂಬ್ರಾ ಬರೆದ 'ದಿ ಕಂಪ್ಲೀಟ್ ಬುಕ್ ಆಫ್ ಡ್ವಾರ್ವ್ಸ್'. ಬೆಟ್ಟದೊಳಗೆ ಬಾಳುವ ಗಡ್ಡದ ಕುಬ್ಜರಿಗೇ ಮೀಸಲಾದ ನಿಯಮಾವಳಿ. "ಅಜ್ಜಾ, ನೀವು ಗಣಿ ಊರಿನವರು. ಇದರ ನಿಯಮ ತಗೊಳ್ಳೂದೋ ಬ್ಯಾಡೋ, ಓದಿ ಹೇಳ್ರಿ" ಎಂದ.

ಓದಿದೆ. ಗುಡ್ಡದವರು, ಆಳದವರು ಎಂದು ಕುಬ್ಜರಲ್ಲೇ ಹಲವು ಬಗೆ ಮಾಡಿರುವುದೂ, ಗಣಿಗಾರಿಕೆಗೆ ಒಂದು ಅಧ್ಯಾಯವನ್ನೇ ಕೊಟ್ಟಿರುವುದೂ ಮೆಚ್ಚತಕ್ಕ ಮಾತು. ಆಟದ ಮೂಲಗ್ರಂಥದ ನಿಯಮವೊಂದಂತೂ ನನಗೆ ಬಹಳ ಹಿಡಿಸಿತು. ಆರು ಮುಖದ ದಾಳದಲ್ಲಿ ಒಂದರಿಂದ ಐದರೊಳಗೆ ಬಿದ್ದರೆ ಕುಬ್ಜನಿಗೆ ಸುರಂಗದ ಇಳಿಜಾರು ತಿಳಿಯುತ್ತದೆ. ಆದರೆ ಹತ್ತು ಅಡಿಯೊಳಗಿರಬೇಕು, ಬೇಕೆಂದೇ ನಿಂತು ಗಮನಿಸಬೇಕು. ಸುಮ್ಮನೆ ನಡೆದು ಹೋಗುವವನಿಗೆ ಕಲ್ಲು ಏನನ್ನೂ ಹೇಳುವುದಿಲ್ಲ.

ಇದು ನಿಜ. ನಮ್ಮ ತಂದೆ ಹಟ್ಟಿ ಚಿನ್ನದ ಗಣಿಯಲ್ಲಿದ್ದರು. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದ್ದು. 1947ರಲ್ಲಿ ಶುರುವಾದ ಕಂಪನಿಗೂ ಹೈದರಾಬಾದಿನದೇ ಹೆಸರು, ಹಟ್ಟಿಯ ಹೆಸರು ಬಂದದ್ದು 1972ರಲ್ಲಿ. ಕೆಳಗೆ ಇಳಿದೊಡನೆ ಹಾರೆಯಿಂದ ಮೇಲಿನ ಬಂಡೆ ಬಡಿದು ಕೇಳಬೇಕು. ಟಣ್ ಎಂದರೆ ಗಟ್ಟಿ. ಬೊದ್ ಎಂದರೆ ಸಡಿಲ, ಕೆಡವಿಯೇ ಮುಂದೆ ಹೋಗಬೇಕು. ಆ ಕಿವಿ ಬರಲು ತಂದೆಗೆ ವರ್ಷಗಳೇ ಹಿಡಿದವು.

ನನ್ನ ತಕರಾರು ಇಲ್ಲೇ. ಪುಸ್ತಕದಲ್ಲಿ ಆ ಕಿವಿ ಹುಟ್ಟಿನಿಂದಲೇ ಬರುತ್ತದೆ. ಗಣಿಯ ಬಾಯಿ ಕಾಣದ ಕುಬ್ಜನಿಗೂ ಅದುಂಟು. ಇಪ್ಪತ್ತು ವರ್ಷ ಕಲ್ಲು ಒಡೆದ ಮನುಷ್ಯನಿಗಿಲ್ಲ! ಕುಲಕ್ಕೊಂದು ಕಸುಬು, 'ಕುಲದವನು' ಎಂದೊಂದು ಪಾತ್ರ, 'ಬಹಿಷ್ಕೃತ' ಎಂದು ಇನ್ನೊಂದು. ಕಲ್ಯಾಣದ ನಾಡಿನವರಾದ ನಮಗೆ ಇದರ ವಾಸನೆ ಗೊತ್ತಾಗದೆ? "ನೀ ಕಾರಕೂನ ಆಗು, ಕೆಳಗ ಇಳೀಬ್ಯಾಡ" ಎಂದು ತಂದೆ ಶಾಲೆಗೆ ಕಳಿಸಿದ್ದರಿಂದಲ್ಲವೆ ನಾನು ಈ ಊರಲ್ಲಿ ಪೆನ್ನು ಹಿಡಿದದ್ದು!

2024ರ ಹೊಸ ಗ್ರಂಥದಲ್ಲಿ ಶಕ್ತಿ, ಬುದ್ಧಿಗಳ ಹೆಚ್ಚುವರಿ ಅಂಕ ಹುಟ್ಟಿನಿಂದಲ್ಲ, ಪಾತ್ರದ ಹಿಂದಿನ ಬದುಕಿನಿಂದ ಬರುತ್ತದೆ. ಕಲ್ಲಿನ ಅರಿವನ್ನು ಮಾತ್ರ ಅದೂ ಕುಬ್ಜನ ಹುಟ್ಟಿಗೇ ಬಿಟ್ಟಿದೆ.

ಪುಸ್ತಕ ಇಟ್ಟುಕೊಳ್ಳಿ, ದಾಳವನ್ನು ಮಾತ್ರ ಗಣಿಯಲ್ಲಿ ದುಡಿದವರಿಗೆಲ್ಲ ಕೊಡಿ ಎಂದೆ.

"ಹಂಗಾದ್ರ ಕುಬ್ಜನ ವಿಶೇಷ ಏನುಳೀತು?"

ಕತ್ತಲಲ್ಲಿ ಅರವತ್ತು ಅಡಿ ಕಾಣುವ ಕಣ್ಣು ಅವನಿಗಿದೆ. ಕಣ್ಣು ಹುಟ್ಟಿನಿಂದ ಬರಲಿ, ಅಡ್ಡಿಯಿಲ್ಲ. ಹುಡುಗರು ಬಹಳ ಹೊತ್ತು ವಾದಿಸಿದರು. ಈಗ ಅವರ ತಂಡದಲ್ಲಿ ಎಂಟು ವರ್ಷ ಗಣಿಯಲ್ಲಿದ್ದ ಮನುಷ್ಯಳೊಬ್ಬಳಿದ್ದಾಳೆ, ಗಡ್ಡದ ಕುಬ್ಜ ಅವಳ ಹಿಂದೆ ದೀಪವಿಲ್ಲದೆ ನಡೆಯುತ್ತಾನೆ.