ಕಿವಿಯ ಅಳತೆ

ಪಾದರಕ್ಷೆ ಕೊಳ್ಳುವವರು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡುತ್ತಾರೆ. ಕನ್ನಡಕ ಮಾಡಿಸುವವರು ಅಕ್ಷರದ ಫಲಕದ ಮುಂದೆ ಕುಳಿತು, ಬಲಗಣ್ಣಿಗೊಂದು ಎಡಗಣ್ಣಿಗೊಂದು ಎಂದು ಬೇರೆ ಬೇರೆ ಅಳತೆ ಬರೆಸಿಕೊಳ್ಳುತ್ತಾರೆ. ಆದರೆ ದಿನಕ್ಕೆ ಎರಡು ಮೂರು ಗಂಟೆ ಕಿವಿಯೊಳಗೇ ಇರುವ ಇಯರ್‌ಫೋನಿನ ತುದಿಯ ರಬ್ಬರನ್ನು ಮಾತ್ರ ಹೆಚ್ಚಿನವರು ಅಳೆಯುವುದಿಲ್ಲ. ಡಬ್ಬಿಯಿಂದ ಬಂದಾಗ ಯಾವುದು ಸಿಕ್ಕಿಸಲ್ಪಟ್ಟಿತ್ತೋ ಅದೇ ನಮ್ಮ ಕಿವಿಯ ಅಳತೆ ಎಂದು ಒಪ್ಪಿಕೊಂಡುಬಿಡುತ್ತಾರೆ. ಇಯರ್‌ಟಿಪ್ ಎಂದು ಕರೆಯಲಾಗುವ ಈ ಬಟಾಣಿಗಾತ್ರದ ವಸ್ತುವಿನ ಬಗ್ಗೆ ಒಂದು ಪ್ರಬಂಧ ಬೇಕೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಬೇಕು ಎಂದೇ ನನ್ನ ಅಭಿಪ್ರಾಯ. ಏಕೆಂದರೆ ಇದು ಹಾಡು ಚೆನ್ನಾಗಿ ಕೇಳಿಸುವ ಪ್ರಶ್ನೆಯಷ್ಟೇ ಅಲ್ಲ, ಮುಂದೆ ಏನಾದರೂ ಕೇಳಿಸುವುದೇ ಎಂಬ ಪ್ರಶ್ನೆಯೂ ಹೌದು.

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ದಿನವೂ ಬಸ್ಸಿನಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಕಳೆಯುತ್ತಾಳೆ. ಅವಳ ಇಯರ್‌ಫೋನಿನ ಎಡಗಡೆಯ ರಬ್ಬರು ಎಲ್ಲಿಯೋ ಬಿದ್ದುಹೋಗಿತ್ತು. ಮತ್ತಾವುದೋ ಹಳೆಯ ಇಯರ್‌ಫೋನಿನಿಂದ ಸಣ್ಣದೊಂದನ್ನು ಕಿತ್ತು ಹಾಕಿಕೊಂಡಿದ್ದಳು. ರಜೆಯಲ್ಲಿ ಮನೆಗೆ ಬಂದಾಗ, ಎದುರಿನ ಕುರ್ಚಿಯಲ್ಲಿ ಕುಳಿತ ನನಗೂ ಅವಳ ಹಾಡು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೇಳಿದರೆ, "ಬಸ್ಸಲ್ಲಿ ಏನೂ ಕೇಳ್ಸಲ್ಲ ತಾತ, ಅದಕ್ಕೇ ಸೌಂಡ್ ಜಾಸ್ತಿ ಇಟ್ಟು ಅಭ್ಯಾಸ ಆಗ್ಬಿಟ್ಟಿದೆ" ಎಂದಳು. ಈ ಒಂದು ವಾಕ್ಯದಲ್ಲಿ ಇಡೀ ಸಮಸ್ಯೆ ಅಡಗಿದೆ.

ಒಂಬತ್ತನೆಯ ತರಗತಿಯ ಶಬ್ದದ ಪಾಠವನ್ನು ನೆನಪಿಸಿಕೊಳ್ಳಿ. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಸ್ವಲ್ಪ ಬಾಗಿದ ಒಂದು ಕೊಳವೆ. ರಬ್ಬರು ಅದರ ಬಾಯಿಯನ್ನು ಪೂರ್ತಿ ಮುಚ್ಚಿದಾಗ, ಇಯರ್‌ಫೋನಿನ ಪುಟ್ಟ ಪರದೆಯು ಉಂಟುಮಾಡುವ ಒತ್ತಡವೆಲ್ಲ ತಮಟೆಗೆ ತಲುಪುತ್ತದೆ. ಎಲ್ಲಿಯಾದರೂ ಕೂದಲೆಳೆಯಷ್ಟು ಸಂದು ಉಳಿದರೆ ಮೊದಲು ಸೋರಿಹೋಗುವುದು ಮಂದ್ರದ ಸ್ವರಗಳು. ತಂಬೂರಿಯ ಮಂದ್ರ ಷಡ್ಜ ತೆಳುವಾಗುತ್ತದೆ, ಮೃದಂಗದ ಎಡಗೈಯ ಗುಮುಕಿ ಮಾಯವಾಗುತ್ತದೆ, ಹಾಡು ತಗಡಿನ ಡಬ್ಬದಿಂದ ಬಂದಂತೆ ಕೇಳುತ್ತದೆ. ಅದೇ ಸಂದಿನಿಂದ ಬಸ್ಸಿನ ಎಂಜಿನ್ನಿನ ಗದ್ದಲ ಒಳಗೆ ನುಗ್ಗುತ್ತದೆ. ಹೀಗೆ ಹಾಡು ಹೊರಗೆ ಹೋಗಿ ಗದ್ದಲ ಒಳಗೆ ಬಂದಾಗ, ಕೇಳುವವರ ಬೆರಳು ತಾನಾಗಿಯೇ ಧ್ವನಿಯನ್ನು ಏರಿಸುತ್ತದೆ.

ಏರಿಸಿದರೆ ಏನಾಗುತ್ತದೆ? ವಯಸ್ಕರು ವಾರಕ್ಕೆ 80 ಡೆಸಿಬೆಲ್ ಮಟ್ಟದಲ್ಲಿ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡೆಸಿಬೆಲ್ ಲೆಕ್ಕ ನಮ್ಮ ಸಾಮಾನ್ಯ ಕೂಡುವ ಲೆಕ್ಕದಂತಲ್ಲ. 3 ಡೆಸಿಬೆಲ್ ಹೆಚ್ಚಿದರೆ ಶಬ್ದದ ಶಕ್ತಿ ಎರಡರಷ್ಟಾಗುತ್ತದೆ. ಸುರಕ್ಷಿತ ಸಮಯ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ ತಲುಪುವ ಹೊತ್ತಿಗೆ 40 ಗಂಟೆ ಇದ್ದದ್ದು ವಾರಕ್ಕೆ 4 ಗಂಟೆ ಆಗಿರುತ್ತದೆ. ನನ್ನ ಮೊಮ್ಮಗಳ ಬಸ್ ಪ್ರಯಾಣ ಎರಡೇ ದಿನಗಳಲ್ಲಿ ಅದನ್ನು ದಾಟಿಬಿಡುತ್ತದೆ.

ಒಳಗಿವಿಯ ಶಂಖದಾಕಾರದ ಕಾಕ್ಲಿಯಾದಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳಿವೆ. ಒಂದೊಂದು ಕಿವಿಯಲ್ಲಿ ಸುಮಾರು 15 ಸಾವಿರ. ಕೋಳಿಯಂತಹ ಪಕ್ಷಿಗಳಲ್ಲಿ ಇವು ನಾಶವಾದರೂ ಮತ್ತೆ ಹುಟ್ಟುತ್ತವೆ ಎಂಬುದನ್ನು ವಿಜ್ಞಾನಿಗಳು 1980ರ ದಶಕದಲ್ಲಿ ಕಂಡುಕೊಂಡರು. ಮನುಷ್ಯರಿಗೆ ಆ ಭಾಗ್ಯವಿಲ್ಲ. ಸತ್ತ ಕೋಶ ಸತ್ತಂತೆಯೇ. ಒಂದು ಪುಟ್ಟ ರಬ್ಬರಿನ ಬಗ್ಗೆ ನಾನು ಇಷ್ಟು ಗಂಭೀರನಾಗಿರುವುದಕ್ಕೆ ಇದೇ ಕಾರಣ.

ಇನ್ನು ಆಯ್ಕೆಯ ವಿಷಯಕ್ಕೆ ಬರೋಣ. ಮೊದಲು ನೋಡಬೇಕಾದದ್ದು ಕಿವಿಯನ್ನಲ್ಲ, ಇಯರ್‌ಫೋನಿನ ಮೂತಿಯನ್ನು. ರಬ್ಬರು ಕೂರುವ ಆ ಕೊಳವೆ ಎಲ್ಲದರಲ್ಲಿಯೂ ಒಂದೇ ದಪ್ಪವಿರುವುದಿಲ್ಲ. ಶೂರ್, ಎಟಿಮೋಟಿಕ್ ಮೊದಲಾದವುಗಳಲ್ಲಿ ಅದು ಸುಮಾರು 3 ಮಿಲಿಮೀಟರ್. ಬೇರೆ ಅನೇಕವುಗಳಲ್ಲಿ 4ರಿಂದ 6 ಮಿಲಿಮೀಟರ್. ಆ್ಯಪಲ್ ಏರ್‌ಪಾಡ್ಸ್ ಪ್ರೊದಂತಹವುಗಳ ಮೂತಿ ಅಂಡಾಕಾರವಾಗಿದ್ದು, ಅದಕ್ಕೆಂದೇ ಮಾಡಿದ ರಬ್ಬರು ಬೇಕಾಗುತ್ತದೆ. ಸಡಿಲವಾದದ್ದನ್ನು ಹಾಕಿದರೆ ಇಯರ್‌ಫೋನ್ ಹೊರತೆಗೆಯುವಾಗ ರಬ್ಬರು ಕಿವಿಯೊಳಗೇ ಉಳಿದುಬಿಡುವ ಅಪಾಯವಿದೆ. ಹಾಗಾದರೆ ಪಿನ್ನು, ಕಡ್ಡಿ ಹಾಕಿ ಕೆದಕದೆ ವೈದ್ಯರ ಬಳಿಗೆ ಹೋಗುವುದೇ ಸರಿ. ಕೊಳ್ಳುವ ಮುನ್ನ ಹಳೆಯ ರಬ್ಬರನ್ನೂ ಇಯರ್‌ಫೋನನ್ನೂ ಅಂಗಡಿಗೆ ಕೊಂಡೊಯ್ಯಿರಿ.

ಎರಡನೆಯದು ಗಾತ್ರ. ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೊತೆಗಳು ಸಾಮಾನ್ಯವಾಗಿ ಬರುತ್ತವೆ. ಮೂರನ್ನೂ ಪರೀಕ್ಷಿಸಬೇಕು, ಅದೂ ಒಂದೊಂದು ಕಿವಿಯನ್ನು ಪ್ರತ್ಯೇಕವಾಗಿ. ಎರಡು ಕಿವಿಗಳೂ ಒಂದೇ ಅಳತೆ ಎಂಬ ನಿಯಮವೇನೂ ಇಲ್ಲ. ನನ್ನ ಬಲಗಿವಿಗೆ ಮಧ್ಯಮ, ಎಡಗಿವಿಗೆ ದೊಡ್ಡದು. ಹಾಕಿಕೊಳ್ಳುವಾಗ ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು, ಕಿವಿಯ ಹಾಲೆಯನ್ನು ಮೆಲ್ಲನೆ ಮೇಲಕ್ಕೂ ಹಿಂದಕ್ಕೂ ಎಳೆದರೆ ಬಾಗಿದ ನಾಳ ನೇರವಾಗಿ, ರಬ್ಬರು ಸರಿಯಾಗಿ ಕೂರುತ್ತದೆ. ಬಳಿಕ ತಲೆ ಅಲ್ಲಾಡಿಸಿ ನೋಡಿ, ಬಾಯಿ ತೆರೆದು ಮುಚ್ಚಿ ನೋಡಿ. ದವಡೆ ಆಡಿದಂತೆ ನಾಳದ ಆಕಾರವೂ ಬದಲಾಗುತ್ತದೆ. ಆಗಲೂ ಮಂದ್ರ ಸ್ವರ ಕದಲದಿದ್ದರೆ ಅದು ನಿಮ್ಮ ಅಳತೆ. ಅರ್ಧ ಗಂಟೆಯಲ್ಲಿ ನೋವು ಬಂದರೆ ದೊಡ್ಡದಾಯಿತು. ಮತ್ತೆ ಮತ್ತೆ ಜಾರಿದರೆ ಸಣ್ಣದಾಯಿತು.

ಮೂರನೆಯದು ವಸ್ತು. ಸಿಲಿಕೋನ್ ಬಹುಕಾಲ ಬಾಳುತ್ತದೆ. ಕಳಚಿ, ಸೌಮ್ಯವಾದ ಸೋಪಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಮತ್ತೆ ಹಾಕಬಹುದು. ಬೆವರು, ಕುಗ್ಗೆಗಳಿಗೆ ಹೆದರುವುದಿಲ್ಲ. ಮೆಮೊರಿ ಫೋಮ್ ಎಂಬುದು ಕಾರ್ಖಾನೆಯ ಕಾರ್ಮಿಕರು ಗದ್ದಲದಿಂದ ರಕ್ಷಣೆಗೆ ಇಟ್ಟುಕೊಳ್ಳುವ ಬಿರಡೆಗಳ ಜಾತಿಯದು. ಬೆರಳಿನಲ್ಲಿ ಹಿಂಡಿ ತೆಳ್ಳಗೆ ಮಾಡಿ ಒಳಗಿಟ್ಟು, ಕೆಲವು ಕ್ಷಣ ಒತ್ತಿ ಹಿಡಿದರೆ ಹಿಗ್ಗಿ ನಾಳದ ಆಕಾರವನ್ನೇ ತಾಳುತ್ತದೆ. ಗದ್ದಲ ತಡೆಯುವುದರಲ್ಲಿ ಇದು ಮುಂದು. ಆದರೆ ಕೊಳೆಯನ್ನು ಹೀರಿಕೊಳ್ಳುತ್ತದೆ, ಕೆಲವು ತಿಂಗಳಲ್ಲೇ ಬದಲಾಯಿಸಬೇಕಾಗುತ್ತದೆ. ಮೂರನೆಯ ಬಗೆ, ಒಂದರ ಮೇಲೊಂದು ಕೊಡೆ ಬಿಚ್ಚಿದಂತಿರುವ ಎರಡು ಅಥವಾ ಮೂರು ಅಂಚುಗಳ ರಬ್ಬರು. ಶ್ರವಣ ವಿಜ್ಞಾನದ ಹಿನ್ನೆಲೆಯ ಅಮೆರಿಕದ ಎಟಿಮೋಟಿಕ್ ಸಂಸ್ಥೆ 1991ರಲ್ಲಿ ಹೊರತಂದ ಇಆರ್-4 ಇಯರ್‌ಫೋನಿನಿಂದ ಈ ಬಗೆ ಹೆಸರಾಯಿತು. ಇದು ಆಳಕ್ಕೆ ಹೋಗುತ್ತದೆ, ಚೆನ್ನಾಗಿ ಮುಚ್ಚುತ್ತದೆ, ಎಲ್ಲರಿಗೂ ಹಿತವೆನಿಸುವುದಿಲ್ಲ. ತಂತಿಯಿಲ್ಲದ ಇಯರ್‌ಫೋನುಗಳಿಗೆ ಉದ್ದನೆಯ ರಬ್ಬರು ಹಾಕಿದರೆ ಅದರ ಡಬ್ಬಿ ಮುಚ್ಚದೆ, ಚಾರ್ಜ್ ಆಗದೆ ಹೋಗಬಹುದೆಂಬುದನ್ನೂ ಗಮನಿಸಿ.

ನನ್ನ ಮೊಮ್ಮಗಳಿಗೆ ಕೊನೆಗೆ ಹೊಂದಿದ್ದು ಎಡಕ್ಕೂ ಬಲಕ್ಕೂ ಮಧ್ಯಮ ಗಾತ್ರದ ಫೋಮ್. ಬೆಲೆ ಒಂದು ಮಸಾಲೆದೋಸೆ, ಕಾಫಿಗಿಂತ ಸ್ವಲ್ಪ ಹೆಚ್ಚು. ಮರಳಿ ಹೋದ ವಾರವೇ ಫೋನ್ ಮಾಡಿ, "ತಾತ, ಮೊದಲು ಮುಕ್ಕಾಲು ಇಡ್ತಿದ್ದೆ, ಈಗ ಅರ್ಧಕ್ಕಿಂತ ಕಡಿಮೆ ಸಾಕಾಗ್ತಿದೆ" ಎಂದಳು. ಹಾಡಿನಲ್ಲಿ ಇದುವರೆಗೆ ಕೇಳದಿದ್ದ ವಾದ್ಯಗಳೂ ಕೇಳುತ್ತಿವೆಯಂತೆ. ಅವಳಿಗೆ ಅದು ಸಂತೋಷ, ನನಗೆ ಆ "ಅರ್ಧಕ್ಕಿಂತ ಕಡಿಮೆ" ಎಂಬುದೇ ಸಂತೋಷ.

ಕೆಲವು ಎಚ್ಚರಿಕೆಗಳು. ಕಿವಿ ಸೋರುತ್ತಿದ್ದರೆ, ತಮಟೆಯಲ್ಲಿ ರಂಧ್ರವಿದ್ದರೆ, ವೈದ್ಯರನ್ನು ಕೇಳದೆ ಇವನ್ನು ಬಳಸಬಾರದು. ಒಬ್ಬರ ರಬ್ಬರನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು. ಚೆನ್ನಾಗಿ ಮುಚ್ಚುವ ರಬ್ಬರು ವಾಹನದ ಹಾರ್ನನ್ನೂ ಮುಚ್ಚುತ್ತದೆ. ರಸ್ತೆ ದಾಟುವಾಗ ಕಡ್ಡಾಯವಾಗಿ ತೆಗೆದಿಡಿ. ಕಿವಿಯಲ್ಲಿ ಗುಂಯ್ಗುಡುವ ಸದ್ದು ನಿಲ್ಲದಿದ್ದರೆ, ಎದುರಿನವರ ಮಾತು ಮಂಕಾಗಿ ಕೇಳಿಸಿದರೆ, ತಡಮಾಡದೆ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ದೊಡ್ಡ ಸಂಸ್ಥೆಯೇ ನಮ್ಮ ನಾಡಿನಲ್ಲಿದೆ.

ಇನ್ನೊಂದು ಸರಳ ಅಭ್ಯಾಸವನ್ನು ಹೇಳಿ ಮುಗಿಸುತ್ತೇನೆ. ಧ್ವನಿಯ ಮಟ್ಟವನ್ನು ಬಸ್ಸಿನಲ್ಲಿ ನಿರ್ಧರಿಸಬೇಡಿ. ಮನೆಯ ನಿಶ್ಶಬ್ದವಾದ ಕೋಣೆಯಲ್ಲಿ, ಹಿತವಾಗಿ ಕೇಳಿಸುವಷ್ಟಕ್ಕೆ ಇಟ್ಟು ಆ ಮಟ್ಟವನ್ನು ನೆನಪಿಟ್ಟುಕೊಳ್ಳಿ. ಹೊರಗೆ ಹೋದಾಗ ಅದು ಸಾಲದೆಂದು ಅನಿಸಿದರೆ, ಗುಂಡಿಯ ಮೇಲೆ ಬೆರಳಿಡುವ ಮೊದಲು ರಬ್ಬರನ್ನು ಒಮ್ಮೆ ಸರಿಯಾಗಿ ಒತ್ತಿ ನೋಡಿ.