ಎಲ್ಲ ಊರಲ್ಲೂ 4.2 ಡಿಗ್ರಿ

ಒಂದು ಹಾಲಿನ ಡೇರಿಗೆ ಪ್ರೋಗ್ರಾಂ ಬರೆದುಕೊಟ್ಟಿದ್ದೆವು. ಹಳ್ಳಿಗಳ ಶೀತಲ ಕೇಂದ್ರಗಳಲ್ಲಿ ಹಾಲು ಎಷ್ಟು ತಣ್ಣಗಿದೆ ಎಂದು ಜಿಪಿಆರ್‌ಎಸ್ ಮೋಡೆಮ್ ಮೂಲಕ ಕೇಳಿ, ಪರದೆಯಲ್ಲಿ ತೋರಿಸುವುದು ಅದರ ಕೆಲಸ. ಲಿನಕ್ಸ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಡೇರಿಯವರು ವಿಂಡೋಸ್ ಬೇಕೆಂದರು. ಅದೇ ಸಿ ಕೋಡನ್ನು ಅದಕ್ಕೂ ಕಂಪೈಲ್ ಮಾಡಿ ಕಳಿಸಿದ್ದಾಯಿತು. ಆಮೇಲೆ ಸೂಪರ್‌ವೈಸರ್ ಫೋನು: "ಸಾರ್, ಎಲ್ಲಾ ಕಡೆ 4.2 ಡಿಗ್ರಿ ತೋರಿಸ್ತಿದೆ. ಬೆಳಗ್ಗೆಯಿಂದ ಕರೆಂಟಿಲ್ಲದ ಊರಲ್ಲೂ 4.2. ಅದೆಂಗೆ ಸಾರ್?"

ಕೋಡು ನನ್ನ ಕೈಗೆ ಬಂತು. ಕಂಪೈಲ್ ಮಾಡಿದರೆ ಒಂದೂ ವಾರ್ನಿಂಗ್ ಇಲ್ಲ. ಎರಡು ಕಡೆ ಓಡುವ ನೆಟ್‌ವರ್ಕ್ ಕೋಡು ಇಷ್ಟು ಸಾಧುವಾಗಿದ್ದರೆ ನನಗಂತೂ ಅನುಮಾನ. ಒಳಗೆ ನೋಡಿದರೆ ಯಾರೋ ಪುಣ್ಯಾತ್ಮರು ವಾರ್ನಿಂಗ್ ಬಂದಲ್ಲೆಲ್ಲ ಒಂದೊಂದು ಕಾಸ್ಟ್ ಹಾಕಿ ಕಂಪೈಲರ್ ಬಾಯಿ ಮುಚ್ಚಿಸಿದ್ದರು. ಅವನ್ನೆಲ್ಲ ಕಿತ್ತುಹಾಕಿ ಮತ್ತೆ ಕಂಪೈಲ್ ಮಾಡಿದೆ. ಪರದೆ ತುಂಬ ವಾರ್ನಿಂಗ್. ಹೆಚ್ಚಿನವು ನಿರುಪದ್ರವಿಗಳು.

ಎರಡು ಮಾತ್ರ ಹಾಗಿರಲಿಲ್ಲ. ಮೊದಲನೆಯದು, ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕೆಂದು ಸಾಕೆಟ್‌ಗೆ ಹೇಳುವ ಸಾಲು. ಲಿನಕ್ಸ್ ಅಲ್ಲಿ ಟೈಮ್‌ವಾಲ್ ಸ್ಟ್ರಕ್ಟ್ ಕೇಳುತ್ತದೆ: ಸೆಕೆಂಡು, ಮೈಕ್ರೋಸೆಕೆಂಡು. ವಿಂಡೋಸ್ ಕೇಳುವುದು ಒಂದೇ ಅಂಕಿ, ಅದೂ ಮಿಲಿಸೆಕೆಂಡಿನಲ್ಲಿ. ಪಾಯಿಂಟರ್ ಟೈಪ್ ಹೊಂದುತ್ತಿಲ್ಲ ಎಂದು ಕಂಪೈಲರ್ ಹೇಳಿತ್ತು. ಕ್ಯಾರ್ ಪಾಯಿಂಟರ್ ಎಂದು ಕಾಸ್ಟ್ ಹಾಕಿ ಸುಮ್ಮನಾಗಿಸಿದ್ದರು. ವಿಂಡೋಸ್ ಆ ಸ್ಟ್ರಕ್ಟಿನ ಮೊದಲ ನಾಲ್ಕು ಬೈಟ್ ಓದಿತು. ಅಲ್ಲಿದ್ದದ್ದು 10. ಹತ್ತು ಸೆಕೆಂಡು ಹತ್ತು ಮಿಲಿಸೆಕೆಂಡಾಯಿತು! ಡೇರಿಯೊಳಗಿನ ಟ್ಯಾಂಕಿಗೆ ಲ್ಯಾನ್ ಕೇಬಲ್, ಅದು ಅಷ್ಟರೊಳಗೆ ಉತ್ತರಿಸಿಬಿಡುತ್ತಿತ್ತು. ಹಳ್ಳಿಯ ಜಿಪಿಆರ್‌ಎಸ್‌ಗೆ ಎಲ್ಲಿ ಸಾಧ್ಯ?

ಸರಿ, ಉತ್ತರ ಬಾರದಿದ್ದರೆ ಎರರ್ ತೋರಿಸಬೇಕಿತ್ತಲ್ಲ? ಅದನ್ನು ತಡೆದದ್ದು ಇನ್ನೊಂದು ಕಾಸ್ಟ್. ಟೈಮ್‌ಔಟ್ ಆದರೆ ರಿಸೀವ್ ಫಂಕ್ಷನ್ -1 ಕೊಡುತ್ತದೆ. ಬಂದ ಬೈಟುಗಳು ಪ್ಯಾಕೆಟ್ಟಿಗಿಂತ ಕಡಿಮೆಯೇ ಎಂದು ನೋಡುವ ಮುಂಚೆ ಅದನ್ನು ಅನ್‌ಸೈನ್ಡ್ ಮಾಡಿದ್ದರು. 32 ಬಿಟ್ ಬಿಲ್ಡಿನಲ್ಲಿ ಆ -1 ಆಗುವುದು 4294967295. ಅದು ಕಡಿಮೆಯಲ್ಲವಲ್ಲ, ಪಾಸ್! ಬಫರ್‌ನಲ್ಲಿ ಉಳಿದಿದ್ದ ಡೇರಿಯ ಸ್ವಂತ ಟ್ಯಾಂಕಿನ 4.2 ಎಲ್ಲ ಊರಿನ ಹೆಸರಿಗೂ ಬರೆದುಕೊಳ್ಳುತ್ತಿತ್ತು.

ವಿಂಡೋಸ್‌ಗೆ ಬೇರೆಯಾಗಿ 10000 ಕೊಟ್ಟೆ. ಮೈನಸ್ ಬಂದಿದೆಯೇ ಎಂದು ಮೊದಲು ನೋಡಿ ಆಮೇಲೆ ಹೋಲಿಸುವಂತೆ ತಿದ್ದಿದೆ. ಹೊಸದನ್ನು ಹಾಕುವಾಗ ಸೂಪರ್‌ವೈಸರ್ ಪಕ್ಕದಲ್ಲೇ ಕೂತಿದ್ದರು. 3.9, 4.6, 5.1, ಒಂದು ಊರಲ್ಲಿ 11. ನನ್ನ ಕಡೆ ತಿರುಗಿಯೂ ನೋಡದೆ ಫೋನೆತ್ತಿದರು: "ಲೋ, ಜನರೇಟರ್ ಹಾಕಿಲ್ವೇನೋ?"